ಒಂಬತ್ತನೇ ಪ್ರಶ್ನೆಗೆ ಉತ್ತರ

ವಿಮಾ ಕಚೇರಿ, ಎರಡನೇ ಮಹಡಿ
ತಾರೀಖು ಹದಿನಾಲ್ಕು, ಮಂಗಳವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಪುಟ್ಟಿಗೆ,

ಆರೋಗ್ಯ ತಾನೇ? ಫೋನ್ ನೀನು ಎತ್ತುವುದಿಲ್ಲ, ಹಾಗಾಗಿ ಕಾಗದವೇ ಗತಿ. ಅಳಿಯಂದಿರ ಬೆನ್ನುನೋವು ಹೇಗಿದೆ? ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದನ್ನು ಮಾತ್ರ ಬಿಟ್ಟಿಲ್ಲ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಆಸ್ಪತ್ರೆಯವರು ಕಳಿಸಿದ ಫೈಲು ಓದಿ, ರೋಗಿ ರಾತ್ರಿ ವಾರ್ಡಿನಲ್ಲಿ ಉಳಿಯುವ ಖರ್ಚನ್ನು ವಿಮೆ ಕೊಡಬೇಕೋ, ಸಂಜೆಯೇ ಮನೆಗೆ ಕಳಿಸಿದರೆ ಸಾಕೋ ಎಂದು ಬರೆಯುವ ಡಾಕ್ಟರು ನಾನು. ಎರಡು ವರ್ಷದ ಹಿಂದೆ ನಿನ್ನ ಅತ್ತೆಯವರ ಮಂಡಿಯ ಫೈಲಿಗೆ ‘ಅಗತ್ಯವಿಲ್ಲ’ ಎಂದು ಬರೆದೆ. “ಅಪ್ಪಾ, ನಿಮಗೆ ಕಾಗದ ಬಿಟ್ರೆ ಮನುಷ್ಯರು ಕಾಣಿಸೋದೇ ಇಲ್ವಾ?” ಎಂದು ನೀನು ಬಾಗಿಲು ಎಳೆದುಕೊಂಡು ಹೋದೆ. ಅಂದಿನಿಂದ ಒಂದು ರಟ್ಟಿನ ಪಟ್ಟಿ ಇಟ್ಟುಕೊಂಡಿದ್ದೇನೆ. ಹೆಸರು, ವಿಳಾಸದ ಮೇಲೆ ಅದನ್ನು ಅಡ್ಡ ಇಟ್ಟೇ ಓದುತ್ತೇನೆ. ಪರರಾದರೂ ಒಂದೇ, ನಮ್ಮವರಾದರೂ ಒಂದೇ. ಆಫೀಸಿನವರು ನಗುತ್ತಾರೆ, ನಗಲಿ.

ಇವತ್ತು ಬೆಳಿಗ್ಗೆ ನಾಲ್ಕು ವರ್ಷದ ಮಗುವಿನ ಫೈಲು ಬಂತು. ಕಿವಿಯೊಳಗೆ ನೀರು ನಿಂತಿದೆ, ಸಣ್ಣ ನಳಿಕೆ ಇಡಬೇಕು. ಕಾಲು ಗಂಟೆಯ ಕೆಲಸ. ಇಂಥದ್ದಕ್ಕೆ ರಾತ್ರಿ ವಾರ್ಡು ಕೊಡುವುದಿಲ್ಲ. ಆದರೆ ಮನೆ ಎರಡು ಗಂಟೆಗಿಂತ ದೂರವಿದ್ದು, ಆಸ್ಪತ್ರೆಯ ಹತ್ತಿರ ಉಳಿಯಲು ನೆಂಟರೂ ಇಲ್ಲದಿದ್ದರೆ ಕೊಡಬಹುದು. ದೂರ: ಮೂರು ಗಂಟೆ. ಒಂಬತ್ತನೇ ಪ್ರಶ್ನೆ, ಹತ್ತಿರದಲ್ಲಿ ನೆಂಟರು: ಯಾರೂ ಇಲ್ಲ. ಎಲ್ಲ ಟೈಪಾಗಿ ಬರುತ್ತದೆ, ಕೈಬರಹವಾಗಿದ್ದರೆ ಆಗಲೇ ಗುರುತು ಹಿಡಿಯುತ್ತಿದ್ದೆ. ಪಾಪ ಎನ್ನಿಸಿತು. ‘ಅಗತ್ಯವಿದೆ’ ಎಂದು ಬರೆದು, ಮೊಹರು ಹಾಕಲು ಪಟ್ಟಿ ಎತ್ತಿದೆ. ನಮ್ಮ ಗುಂಡನ ಹೆಸರು. ಕೆಳಗೆ, ತಾಯಿ ಎಂದಿದ್ದ ಕಡೆ, ನಿನ್ನದು.

ನಮ್ಮ ಮನೆಯಿಂದ ಆ ಆಸ್ಪತ್ರೆಗೆ ನಡೆದರೆ ಹತ್ತು ನಿಮಿಷ. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಬೀಗರ ಫೈಲಾದರೆ ನಡೆಯುತ್ತದೆ, ಸ್ವಂತ ಮೊಮ್ಮಗನದನ್ನು ಅಜ್ಜ ನೋಡುವಂತಿಲ್ಲ. ಬರೆದದ್ದನ್ನು ಹೊಡೆದುಹಾಕಿ ಪಕ್ಕದ ಮೇಜಿನ ಡಾಕ್ಟರಮ್ಮನಿಗೆ ಕೊಟ್ಟೆ. ನಳಿಕೆಗೆ ಹೆದರಬೇಡ, ತಾನಾಗಿಯೇ ಬಿದ್ದುಹೋಗುತ್ತದೆ. ಕಿವಿಗೆ ನೀರು ಬೀಳದಂತೆ ನೋಡಿಕೋ.

ಗುಂಡನ ತಲೆ ನನ್ನ ಪರವಾಗಿ ಒಮ್ಮೆ ಸವರು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ

ಅಂಟಿಸುವ ಮುಂಚೆ ಇನ್ನೊಂದು: ಡಾಕ್ಟರಮ್ಮ ಈಗಷ್ಟೇ ಬಂದು, “ಸಾರ್, ಈ ‘ಯಾರೂ ಇಲ್ಲ’ ಅನ್ನೋದು ನಿಜಾನಾ?” ಎಂದು ಕೇಳಿದರು. “ಬರೆದವಳನ್ನೇ ಕೇಳಿ ಹೇಳ್ತೀನಿ” ಎಂದೆ. ಶುಕ್ರವಾರದವರೆಗೆ ಫೈಲು ಹಿಡಿದಿಟ್ಟಿರುತ್ತಾರೆ. ನೀನು ಇಲ್ಲ ಎಂದರೆ ವಾರ್ಡು ಸಿಗುತ್ತದೆ, ನಾನು ತುಟಿಪಿಟಕ್ಕೆನ್ನುವುದಿಲ್ಲ. ಇದ್ದಾರೆ ಎಂದರೆ ಸಿಗುವುದಿಲ್ಲ; ಗುಂಡನನ್ನು ಎತ್ತಿಕೊಂಡು ಸಂಜೆ ಮನೆಗೇ ಬರಬೇಕಾಗುತ್ತದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಇವತ್ತೇ ನಿನ್ನ ಕೋಣೆ ಗುಡಿಸಿಡುತ್ತಾಳೆ.