ಫ್ಲಾಯ್ಡ್‌ನ ಹಾಜರಿ

ಅಲ್ ಕುಸೈಸ್, ದುಬೈ
೯ ನವೆಂಬರ್ ೨೦೨೫

ಪ್ರೀತಿಯ ರೊಸಲಿನ್ ಅಕ್ಕನಿಗೆ,

ನಿನ್ನ ಸಿಸಿಲಿಯಾಳ ನಮಸ್ಕಾರ. ಫ್ಲಾಯ್ಡ್‌ನ ವರ್ಷದ ಪೂಜೆಗೆ ಊರಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ ಎಂದು ನಿನಗೆ ಸಿಟ್ಟಿರಬೇಕು. ಬೈದುಬಿಡು, ತಪ್ಪಿಲ್ಲ. ಫೋನಿನಲ್ಲಿ ಮಾತಾಡಿದರೆ ತಾನ್ಯಾಗೆ ಕೇಳಿಸುತ್ತದೆ, ಅದಕ್ಕೇ ಈ ಕಾಗದ. ರಜೆಯಲ್ಲಿ ಊರಿಗೆ ಹೊರಟ ಆಸ್ವಾಲ್ಡ್‌ನ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಭಾವನಿಗೆ ಖರ್ಜೂರ.

ಫ್ಲಾಯ್ಡ್ ಶಾಲೆಯಲ್ಲಿದ್ದಾಗಲೇ ಅಮೆರಿಕದ ಒಂದು ಕಾಲೇಜಿನ ಪಾಠವನ್ನು ಆನ್‌ಲೈನಿನಲ್ಲಿ ಕಲಿಯುತ್ತಿದ್ದದ್ದು ನಿನಗೆ ಗೊತ್ತು. ಈಗಲೇ ಕ್ರೆಡಿಟ್ ಸಿಕ್ಕಿದರೆ ಡಿಗ್ರಿಯಲ್ಲಿ ಒಂದು ವರ್ಷ ಉಳಿಯುತ್ತದೆ ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಅಪಘಾತದಲ್ಲಿ ಮಗ ಹೋದ ಮೇಲೆ ಶಾಲೆಗೆ ತಿಳಿಸಿದೆವು. ಆ ಕಾಲೇಜಿಗೆ ತಿಳಿಸಲು ನನಗೂ ಫೆಲಿಕ್ಸ್‌ಗೂ ಮನಸ್ಸು ಬರಲಿಲ್ಲ. ಎಲ್ಲಾದರೂ ಒಂದು ಕಡೆ ಅವನ ಹೆಸರು ಕರೆಯುತ್ತಿರಲಿ ಎನ್ನಿಸಿತು.

ಈಗ ಅವನು ಪಾಸಾಗುತ್ತಿದ್ದಾನೆ, ಅಕ್ಕಾ. ಹೆದರಬೇಡ, ಅವನ ಕೋಣೆಯಲ್ಲಿ ಕೂತು ಉತ್ತರ ಕೊಡುವವಳು ತಾನ್ಯಾ. ಕ್ಯಾಮೆರಾ ಆರಿಸಿ, ಅಣ್ಣನ ಹೆಸರಿನಲ್ಲಿ, ಅಣ್ಣನ ಸ್ವರದಲ್ಲಿ. ಮೊದಮೊದಲು ಅಣಕಿಸಿದಂತಿತ್ತು. ಈಗ ಎಲ್ಲಿಯೂ ತಪ್ಪುವುದಿಲ್ಲ. ಮಾತಿಗೆ ಮೊದಲು ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದನಲ್ಲ, ಅದೂ ಇದೆ. ಪಕ್ಕದ ಮನೆಯ ಸೌದಾ ಲಿಫ್ಟಿನಲ್ಲಿ ಕೇಳಿದಳು: “ಊರಿಂದ ಯಾರು ಬಂದದ್ದು ಮಾರಾಯ್ತಿ? ನಿಮ್ಮಲ್ಲಿ ಹುಡುಗನ ಸ್ವರ ಕೇಳ್ತದೆ.” ಅಕ್ಕನ ಮಗ ಎಂದುಬಿಟ್ಟೆ. ನಿನಗೆ ಇಲ್ಲದ ಮಗನನ್ನು ಕೊಟ್ಟದ್ದಕ್ಕೆ ಕ್ಷಮಿಸು.

ಸಂಜೆ ಜಪಸರ ಹಿಡಿದು ಹೇಳುವ ಐದು ರಹಸ್ಯಗಳ ಪ್ರಾರ್ಥನೆಯಲ್ಲಿ ಮೂರನೆಯ ರಹಸ್ಯ ಹೇಳುವುದು ಫ್ಲಾಯ್ಡ್‌ನ ಪಾಲಾಗಿತ್ತಲ್ಲ? ಅದನ್ನು ಇನ್ನೂ ಯಾರೂ ತೆಗೆದುಕೊಂಡಿಲ್ಲ. ಅಲ್ಲಿಗೆ ಬಂದಾಗ ನಾನೂ ಫೆಲಿಕ್ಸೂ ಸುಮ್ಮನಾಗುತ್ತೇವೆ. ಅದೇ ಹೊತ್ತಿಗೆ ಕೋಣೆಯೊಳಗೆ ಹಾಜರಿ ಕರೆಯುತ್ತಾರೆ. “ಪ್ರೆಸೆಂಟ್, ಸರ್” ಎಂದು ಫ್ಲಾಯ್ಡ್‌ನ ಸ್ವರ ಕೇಳಿಸುತ್ತದೆ. ನನಗೆ ಹೆದರಿಕೆಯಾಗಬೇಕು, ಆದರೆ ಜೀವಕ್ಕೆ ಹಿತವಾಗುತ್ತದೆ. ಆಮೇಲೆ ನಾಲ್ಕನೆಯ ರಹಸ್ಯಕ್ಕೆ ಹೋಗುತ್ತೇವೆ.

ಕೇಳಿದರೆ ತಾನ್ಯಾ, “ರಿಲ್ಯಾಕ್ಸ್ ಮಮ್ಮಾ, ಹೀ ನೀಡ್ಸ್ ಓನ್ಲಿ ಟೂ ಮೋರ್ ಕೋರ್ಸಸ್” ಎನ್ನುತ್ತಿದ್ದಳು. ಅವಳಿಗೂ ಈಗ ಹತ್ತನೆಯ ತರಗತಿ. ಮೊನ್ನೆ ಅವಳ ಟೀಚರ್ ನನ್ನನ್ನು ಕರೆಸಿದ್ದರು. ತಾನ್ಯಾ ಎಂದು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲವಂತೆ. ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿಗೆ ಏನೂ ಆಗಿಲ್ಲ.

ಫೆಲಿಕ್ಸ್, “ಖಲಾಸ್, ಕಾಲೇಜಿಗೆ ಇವತ್ತೇ ಹೇಳಿಬಿಡುವ” ಎಂದರು. ಕ್ರಿಸ್ಮಸ್ ಕಳೆಯಲಿ ಎಂದವಳು ನಾನು. ಹೀಗೇ ಬಿಟ್ಟರೆ ಇರುವ ಮಗಳೂ ಕೈತಪ್ಪುತ್ತಾಳೆ, ನಿಲ್ಲಿಸಿದರೆ ಅವನು ಇನ್ನೊಮ್ಮೆ ಸಾಯುತ್ತಾನೆ. ನೀನೇ ಬಾ, ಅಕ್ಕಾ. ವಿಸಿಟ್ ವೀಸಾ ನಾವು ಮಾಡಿಸುತ್ತೇವೆ. ತಾನ್ಯಾ ನಿನ್ನ ಮಾತು ಕೇಳುತ್ತಾಳೆ.

ದೇವರು ನಿಮ್ಮಿಬ್ಬರನ್ನೂ ಕಾಪಾಡಲಿ, ಭಾವನ ಮಂಡಿನೋವು ಇಳಿಯಲಿ.

ನಿನ್ನ ತಂಗಿ,
ಸಿಸಿಲಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಕ್ಲಾಸೇ ಇರಲಿಲ್ಲ, ಲ್ಯಾಪ್‌ಟಾಪ್ ಹೊರಗಿನ ಹಾಲ್‌ನಲ್ಲಿತ್ತು. ಊಟಕ್ಕೆ ಕರೆಯಲು ಹೋಗಿ, ಕೋಣೆಯ ಬಾಗಿಲು ತಟ್ಟಿ “ತಾನ್ಯಾ” ಎಂದೆ. ಒಳಗಿನಿಂದ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅವನ ಸ್ವರ: “ತಾನ್ಯಾ ಇಲ್ಲ, ಮಮ್ಮಾ. ನಿನಗೆ ಯಾರು ಬೇಕು, ಅವಳಾ, ನಾನಾ?” ಮಗಳ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಅಕ್ಕಾ. ಬಾಯಿಂದ ಬಂದದ್ದು, “ಬಾ ಮಗನೇ, ಊಟ ಆರ್ತದೆ.” ಬಾಗಿಲು ತೆರೆಯಿತು. ನಿನ್ನೆಯಿಂದ ಈ ಮನೆಯಲ್ಲಿ ತಾನ್ಯಾಳ ಸ್ವರ ಕೇಳಿಸಿಲ್ಲ.