ಮೂರು ಕಾಯಿ ಕೊಡುವ ನಡೆ

ಶುಕ್ರವಾರ, ಏಪ್ರಿಲ್ 17, 2020. ಸಂಜೆ

ಕ್ರೋಷಾದ ಹದಿನಾಲ್ಕನೆಯ ಹೂವು ಮುಗಿಯಿತು. ಮೇಜಿಗೆಂದು ಶುರು ಮಾಡಿದ್ದು. ಹೀಗೇ ಹೋದರೆ ಇಡೀ ಮನೆಗೇ ಹೊದಿಸಬಹುದು. ಲಾಕ್‌ಡೌನ್ ಎಂದು ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬೀಗ ಬಿದ್ದು ಹತ್ತೊಂಬತ್ತು ದಿನ. ನಮ್ಮ ಕುಮಾಸಿ ಪಟ್ಟಣ ಇಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ನನ್ನ ಗಂಡ ಆಂಟ್ವಿ ಅಂಗಳದಲ್ಲಿ ಸುತ್ತು ಹಾಕುತ್ತಿದ್ದಾನೆ. ಗ್ಯಾರೇಜು ಮುಚ್ಚಿದ್ದಕ್ಕಲ್ಲ... ಡಾಮೆ, ಅದೇ ಕಾಯಿ ಹಾರಿಸಿ ತಿನ್ನುವ ಹಲಗೆಯಾಟ, ನಿಂತದ್ದಕ್ಕೆ. ಮದುವೆಯಾಗಿ ಇಪ್ಪತ್ತೊಂದು ವರ್ಷ, ಒಂದು ಶನಿವಾರವೂ ಗಂಡ ಮನೆಯಲ್ಲಿರಲಿಲ್ಲ. ಬೇವಿನ ಮರದ ಕೆಳಗೆ ಆ ಹಲಗೆ, ಆ ಕರಿ-ಬಿಳಿ ಕಾಯಿ, ಆ ಗಂಡಸರ ಬಾಯಿ. ಈಗ ದಿನವಿಡೀ ಮನೆಯಲ್ಲೇ ಇದ್ದಾನೆ. ಮನಸ್ಸು ಮಾತ್ರ ಮರದ ಕೆಳಗೆ.

ಅತ್ತೆ, ಎನೊ ಪೊಮಾ (ಅಮ್ಮನಿಗೆ ನಾವು ಎನೊ ಅನ್ನುತ್ತೇವೆ), ಬಾಗಿಲ ಬಳಿ ಸ್ಟೂಲಿನ ಮೇಲೆ. ನಮ್ಮ ಜೊತೆ ಇರಲು ಬಂದು ಎರಡು ವರ್ಷ. ನಮ್ಮಿಬ್ಬರ ಸಂಭಾಷಣೆ: ‘ಉಪ್ಪು ಜಾಸ್ತಿ.’ ‘ಆಯ್ತು ಎನೊ.’ ಅಷ್ಟೇ.

ಶನಿವಾರ, 18. ಬೆಳಿಗ್ಗೆ ಹನ್ನೊಂದು

ತಡೆಯಲಾರದೆ ಆಂಟ್ವಿ ನನ್ನನ್ನೇ ಹಿಡಿದ. ‘ಸೆರ್ವಾ, ಬಾರೇ. ಅರ್ಧ ಗಂಟೆ. ಕಲಿಸ್ತೀನಿ.’

ಕಾಯಿ ಓರೆಯಾಗಿ ನಡೆಯಬೇಕು. ಎದುರಿನ ಕಾಯಿ ಸಿಕ್ಕರೆ ಹಾರಿ ತಿನ್ನಲೇಬೇಕು, ಬಿಡುವಂತಿಲ್ಲ. ಇಷ್ಟೇ ಎಂದುಕೊಂಡೆ. ಏಳು ಆಟ, ಏಳೂ ಸೋಲು. ಸೋಲಾದರೂ ಪರವಾಗಿಲ್ಲ, ಆ ಬಾಯಿ!

‘ಇದೇನು ಕಾಯಿ ನಡೆಸ್ತಿದ್ದೀಯೋ, ಸಂತೆಯಲ್ಲಿ ಕುರಿ ಬಿಟ್ಟಿದ್ದೀಯೋ?’

ಸಾಲದ್ದಕ್ಕೆ ಗೋಡೆಯಾಚೆಯ ಗೆಳೆಯನಿಗೂ ವರದಿ; ಸೋಲಿಗೆ ಇವರಿಟ್ಟ ಹೆಸರು ಸ್ನಾನ. ‘ಬೊನ್ಸೂ! ಏಳನೇ ಸಲ ಸ್ನಾನ ಮಾಡಿಸಿದೆ ಕಣೋ!’

‘ಸೋಪು ಹಾಕಿದ್ಯಾ?’ ಆಚೆಯಿಂದ ಬೊನ್ಸು.

ನಗು ಬಂತು. ಸಿಟ್ಟೂ ಬಂತು. ಎದ್ದು ಅಡುಗೆಮನೆಗೆ ಬಂದೆ.

ಅದೇ ದಿನ, ಮಧ್ಯಾಹ್ನ

ಮರೆಯುವ ಮೊದಲೇ ಬರೆದುಬಿಡಬೇಕು.

ಅತ್ತೆ ನನ್ನ ಜೊತೆ ಬಾಳೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: ‘ಐದನೇ ಆಟದಲ್ಲಿ ಎಡಗಡೆ ಕಾಯಿ ಕೊಟ್ಟಿದ್ರೆ ಅವನ ಕಥೆ ಮುಗೀತಿತ್ತು.’

ಕೈಯಲ್ಲಿದ್ದ ಚಾಕು ನಿಂತಿತು. ‘ಎನೊ, ನಿಮಗೆ ಆಟ ಬರುತ್ತಾ?’

ಒಲೆಯಿಂದ ಇದ್ದಿಲು ತೆಗೆದು ಸಿಮೆಂಟ್ ನೆಲದ ಮೇಲೆ ಮನೆಗಳನ್ನು ಗೀಚಿದರು. ಹತ್ತು ಅಡ್ಡ, ಹತ್ತು ಉದ್ದ. ಒಂದು ಗೆರೆಯೂ ಸೊಟ್ಟ ಇಲ್ಲ. ಕಾಯಿಗೆ ಬದಲು ಅವರಿಗೆ ಕಡಲೆಬೀಜ, ನನಗೆ ಅಲಸಂದೆ.

‘ಅವನು ಹಸಿದವನು. ಸಿಕ್ಕಿದ್ದನ್ನ ತಿನ್ನಲೇಬೇಕು. ನೀನು ಎಲ್ಲಿ ಬಡಿಸ್ತೀಯ ಅನ್ನೋದು ಮುಖ್ಯ. ಒಂದು ಕೊಡು, ಇನ್ನೊಂದು ಕೊಡು, ಮೂರನೆಯದೂ ಕೊಡು. ಆಮೇಲೆ ನೋಡು, ಬಾಗಿಲು ತೆರೆದಿರುತ್ತೆ.’

ಎಲ್ಲಿ ಕಲಿತಿರಿ ಎಂದೆ. ಸಣ್ಣ ದನಿಯಲ್ಲಿ ಹೇಳಿದರು: ‘ಮದುವೆಗೆ ಮುಂಚೆ, ನಮ್ಮ ಸೋದರಮಾವನ ಹತ್ತಿರ. ಆಗೆಲ್ಲ ಹೆಂಗಸು ಮರದ ಕೆಳಗೆ ಕೂತರೆ ಊರೆಲ್ಲ ಬಾಯಿಗೆ ಬಂದ ಹಾಗೆ ಅನ್ನೋದು. ಮದುವೆಯಾದ ಮೇಲೆ ಆಂಟ್ವಿಯ ಅಪ್ಪ ಮನೆ ಬಾಗಿಲು ಹಾಕಿ ನನ್ನ ಜೊತೆ ಆಡೋರು. ನಾನೇ ಗೆಲ್ತಿದ್ದೆ. ಹೊರಗೆ ಹೇಳಬೇಡ ಅಂದ್ರು. ಹೇಳಲಿಲ್ಲ. ಅವರು ಹೋದ ಮೇಲೆ ಮುಟ್ಟಲೂ ಇಲ್ಲ.’

ಮಾವ ಹೋಗಿ ಹದಿನಾರು ವರ್ಷ! ಎರಡು ಕಡಲೆಬೀಜ ಬಾಯಿಗೆ ಹಾಕಿಕೊಂಡು, ‘ನಡೆಸು, ಒಲೆ ಆರ್ತಿದೆ’ ಎಂದರು.

ಊಟ ತಡವಾಯಿತು. ಆಂಟ್ವಿ ಗೊಣಗಿದ. ನಾವಿಬ್ಬರೂ ನೆಲ ಒರೆಸಿಯಾಗಿತ್ತು.

ಭಾನುವಾರ, 19. ನಾಲ್ಕು ಗಂಟೆ

ರೇಡಿಯೊದಲ್ಲಿ ಪ್ರಾರ್ಥನೆ ಮುಗಿಯಿತು. ನಾನೇ ಹಲಗೆ ತಂದಿಟ್ಟೆ.

‘ಎಂಟನೇ ಸ್ನಾನಕ್ಕಾ?’ ಎಂದ.

ಮೊದಲನೆಯದು ಸೋತೆ. ಎರಡನೆಯದರಲ್ಲಿ ಒಂದು ಕಾಯಿ ಕೊಟ್ಟೆ. ತಿಂದ. ಇನ್ನೊಂದು ಕೊಟ್ಟೆ. ‘ಅಯ್ಯೋ ಪಾಪ’ ಎಂದು ತಿಂದ. ಮೂರನೆಯದನ್ನು ದೂಡಿದೆ. ತಿಂದ... ತಿಂದವನ ಕೈ ಹಲಗೆಯ ಮೇಲೇ ನಿಂತಿತು. ಅವನಿಗೆ ಕಂಡುಬಿಟ್ಟಿತ್ತು. ಒಂದೇ ಏಟಿಗೆ ಐದು ಹಾರಿದೆ.

ಈ ಸಲ ಗೋಡೆಯಾಚೆಗೆ ವರದಿ ಹೋಗಲಿಲ್ಲ.

‘ಏನೋ ಆಂಟ್ವಿ, ನೀರು ನಿಂತೋಯ್ತಾ?’ ಗೋಡೆಯಾಚೆ ಬೊನ್ಸು.

‘ನಿಂತಿಲ್ಲ! ಈ ಸಲ ಸ್ನಾನ ಅವನಿಗೇ!’ ಕೂಗಿದ್ದು ಅತ್ತೆ. ಕೂಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕುವಂತೆ ನಕ್ಕರು.

ಆಂಟ್ವಿ ನಗಲಿಲ್ಲ. ಹಲಗೆಯನ್ನೇ ನೋಡುತ್ತಿದ್ದ. ‘ಇದು ನಿನ್ನ ನಡೆ ಅಲ್ಲ ಸೆರ್ವಾ. ಇದು ಅಪ್ಪನ ನಡೆ. ಹೀಗೇ ಮೂರು ಕೊಡೋರು.’

‘ನಿಮ್ಮಪ್ಪನಿಗೆ ಯಾರು ಕಲಿಸಿದ್ದು ಅಂತ ಕೇಳು’ ಎಂದರು ಅತ್ತೆ.

ಐವತ್ತು ವರ್ಷದ ಗಂಡಸು. ಕಣ್ಣು ತುಂಬಿಕೊಂಡಿತು. ‘ಎನೊ... ನನಗೆ ಯಾಕೆ ಹೇಳಲಿಲ್ಲ?’

‘ನೀನು ಯಾವತ್ತು ಕೇಳಿದ್ದೆ?’

ಎದ್ದು ನನ್ನ ಜಾಗವನ್ನು ಅವರಿಗೆ ಬಿಟ್ಟೆ. ಈಗ ನಾಲ್ಕನೆಯ ಆಟ. ಮಗ ಗೆದ್ದಿಲ್ಲ ಇನ್ನೂ.

ಸೋಮವಾರ, 20

ನಿನ್ನೆ ಸುದ್ದಿ ಬಂತು, ಲಾಕ್‌ಡೌನ್ ತೆಗೆದರು. ಬೀದಿಯಲ್ಲಿ ಹಾರ್ನು. ಎಲ್ಲರಿಗೂ ಖುಷಿ. ನನಗೂ... ಖುಷಿಯೇ ಇರಬೇಕು. ಶನಿವಾರ ಬಂದರೆ ಇವನು ಮತ್ತೆ ಮರಕ್ಕೆ. ಅತ್ತೆ ಮತ್ತೆ ಬಾಗಿಲ ಬಳಿಗೆ. ಮನೆಯಲ್ಲೇ ಆಡ್ತೀಯಾ ಎಂದು ಅವನನ್ನು ಕೇಳಲು ಮನಸ್ಸಾಗಲಿಲ್ಲ. ಅತ್ತೆಯೂ ಕೇಳಲಿಲ್ಲ. ಇಬ್ಬರೂ ಬಾಳೆಕಾಯಿ ಸುಲಿದೆವು.

ಶನಿವಾರ, 25. ಬೆಳಿಗ್ಗೆ

ಗಡ್ಡ ಬೋಳಿಸಿಕೊಂಡ. ಮಾಸ್ಕ್ ಕಟ್ಟಿಕೊಂಡ. ಹಲಗೆ ಕಂಕುಳಲ್ಲಿ. ನಾನು ಕ್ರೋಷಾ ತೆಗೆದುಕೊಂಡು ಕುಳಿತೆ, ಮುಖ ಎತ್ತಲಿಲ್ಲ. ಗೇಟು ತೆರೆದ ಸದ್ದು. ಮತ್ತೆ ಹೆಜ್ಜೆ ಸದ್ದು, ಈ ಕಡೆಗೆ.

‘ನಾಲ್ಕೇ ಜನ ಇರ್ತೀವಿ, ದೂರ ದೂರ ಕೂರ್ತೀವಿ. ಸ್ಟೂಲು ಎಷ್ಟು ತಗೊಳ್ಳಲಿ? ಎರಡಾ, ಮೂರಾ?’

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

‘ಮರದ ಕೆಳಗಾ? ನಾನಾ?’ ಎಂದರು ಅತ್ತೆ.

‘ಹೂಂ ಎನೊ, ನೀನೇ. ಬೊನ್ಸು ವಾರದಿಂದ ನನ್ನ ಕಾಲೆಳೀತಿದ್ದಾನೆ. ಅವನಿಗೊಂದು ಸ್ನಾನ ಆಗ್ಬೇಕು.’

ಅತ್ತೆ ಒಳಗೆ ಹೋದರು. ಬರುವುದಿಲ್ಲವೇನೋ ಎಂದುಕೊಂಡೆ. ಈಗ ನೋಡಿದರೆ ಮೂರನೆಯ ಸಲ ಬಟ್ಟೆ ಬದಲಾಯಿಸಿ, ಚರ್ಚಿಗೆ ಉಡುವ ನೀಲಿಯಲ್ಲಿ ಗೇಟಿನ ಬಳಿ ನಿಂತಿದ್ದಾರೆ. ಬೀದಿಯ ಆ ತುದಿಯಿಂದ ಬೊನ್ಸು ಕೂಗುತ್ತಿದ್ದಾನೆ, ‘ಮೊದಲು ಯಾರು ಬರ್ತೀರಾ?’

‘ನಾನು!’ ಅತ್ತೆಯ ದನಿ. ಇಡೀ ಬೀದಿಗೆ ಕೇಳುವಷ್ಟು ಜೋರಾಗಿ. ಆಗಲೇ ಹೊರಟೇಬಿಟ್ಟರು, ನಾನಿನ್ನೂ ಚಪ್ಪಲಿ ಕೂಡ—