ಮುಳ್ಳು ತಿರುಗಿಸುವ ಪೆಟ್ಟಿಗೆ

ಪರ್ಶೋರ್
14 ಮೇ 1996

ಪ್ರೀತಿಯ ಜಿಲ್,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಸೊಂಟ ಬಿದ್ದುಹೋಗಿದೆ. ಭಾನುವಾರವಿಡೀ ಹಳೇ ಕಾರುಗಳ ಬಿಡಿಭಾಗಗಳ ಸಂತೆಯಲ್ಲಿ, ಕೆಸರಿನಲ್ಲಿ, ನಿಮ್ಮಪ್ಪನ ಹಿಂದೆ ಅಲೆದೆ.

ಅಪ್ಪ ಒಬ್ಬರೇ ಆ ಮನೆಯಲ್ಲಿ ಇರಬಲ್ಲರೇ, ಇಲ್ಲ ವೃದ್ಧಾಶ್ರಮಕ್ಕೆ ಸೇರಿಸಬೇಕೇ, ನೀನೇ ಹೋಗಿ ನೋಡಮ್ಮ, ನೀನು ಹೇಳಿದಂತೆ ಮಾಡುತ್ತೇನೆ ಎಂದೆಯಲ್ಲ. ಗಂಡನನ್ನು ಬಿಟ್ಟು ಒಂಬತ್ತು ವರ್ಷವಾದವಳನ್ನು ಇಂಥ ತೀರ್ಪಿಗೆ ಕೂರಿಸುವುದು ಯಾವ ಊರ ನ್ಯಾಯವೋ ಕಾಣೆ. ಆದರೂ ಶನಿವಾರ ಹೋದೆ.

ಮೇಲ್ನೋಟಕ್ಕೆ ಎಲ್ಲ ಸರಿಯಾಗಿತ್ತು. ಗಡ್ಡ ಬೋಳಿಸಿಕೊಂಡಿದ್ದರು, ಟೈ ಕಟ್ಟಿದ್ದರು. ಚಹಾ ಕೊಟ್ಟವರೇ ನನ್ನನ್ನು ಗ್ಯಾರೇಜಿಗೆ ಕರೆದೊಯ್ದರು. ಅದೇ ಹಸಿರು ಎಂಜಿ ಕಾರು, ನಲವತ್ತೇಳರದ್ದು, ಎರಡೇ ಸೀಟಿನದ್ದು. ನೀನು ಹುಟ್ಟಿದ ಮೇಲೂ ಮೂರನೆಯ ಸೀಟಿರುವ ಕಾರು ಕೊಳ್ಳದ ಪುಣ್ಯಾತ್ಮ! ಬಾನೆಟ್ ಎತ್ತಿ, ಇನ್ನೊಂದೇ ಒಂದು ಸಾಮಾನು ಸಿಕ್ಕರೆ ಗಾಡಿ ಹೊರಡುತ್ತದೆ ಎಂದರು. ಡೈನಮೋದ ಹಿಂಬದಿಗೆ ಕೂರುವ ಮುಷ್ಟಿಯಷ್ಟು ದೊಡ್ಡ ಗೇರ್ ಪೆಟ್ಟಿಗೆ ಅದು. ಇಂಜಿನ್ ಎಷ್ಟು ವೇಗವಾಗಿ ಸುತ್ತುತ್ತಿದೆಯೆಂದು ತೋರಿಸುವ ಮುಳ್ಳನ್ನು ತಿರುಗಿಸುವುದಷ್ಟೇ ಅದರ ಕೆಲಸ. ಅದಿಲ್ಲದೆಯೂ ಕಾರು ಸುಖವಾಗಿ ಓಡುತ್ತದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ.

ಆದರೆ ಜಿಲ್, ಆ ಪೆಟ್ಟಿಗೆ ಅಲ್ಲೇ ಇತ್ತು. ಡೈನಮೋಕ್ಕೆ ಅಂಟಿಕೊಂಡು, ಅವರ ಮೂಗಿನ ಕೆಳಗೇ. ನಾನು ಮನೆ ಬಿಡುವ ಹಿಂದಿನ ವರ್ಷ ಅದನ್ನು ಕೂರಿಸುವಾಗ ಟಾರ್ಚ್ ಹಿಡಿದವಳು ನಾನೇ. ಬೆಳಕು ಅಲ್ಲಾಡಿತೆಂದು ಬೈಸಿಕೊಂಡದ್ದೂ ನೆನಪಿದೆ. ನಾಳೆ ಸಂತೆಗೆ ನಾನೂ ಬರುತ್ತೇನೆ ಎಂದೆ.

ಮರುದಿನ ಸಂತೆಯ ಮೈದಾನದಲ್ಲಿ ಅವರ ಹುರುಪು ನೋಡಬೇಕಿತ್ತು. ತುಕ್ಕು ಹಿಡಿದ ಚಕ್ರ, ಒಡೆದ ದೀಪಗಳ ನಡುವೆ ಬಗ್ಗಿ ಬಗ್ಗಿ ಹುಡುಕಿದರು. ನೋರಿಸ್ ಎಂಬ ದಪ್ಪ ಮೀಸೆಯವನ ಟಾರ್ಪಾಲಿನ ಮುಂದೆ ಗಕ್ಕನೆ ನಿಂತು, "ಬೆರಿಲ್, ಸಿಕ್ತು ಕಣೇ! ಎಷ್ಟು ವರ್ಷದಿಂದ ಹುಡುಕ್ತಿದ್ದೆ!" ಎಂದು ಕೂಗಿದರು. ಕಣ್ಣಲ್ಲಿ ನೀರಿತ್ತು. ಹಣ ಕೊಟ್ಟು ಪೆಟ್ಟಿಗೆಯನ್ನು ಎದೆಗವುಚಿಕೊಂಡು, ಈ ಖುಷಿಗೆ ಬೇಕನ್ ರೋಲ್ ತರುತ್ತೇನೆಂದು ಹೊರಟರು.

ಅವರು ಅತ್ತ ಹೋದದ್ದೇ ತಡ, ನಾನು ನೋರಿಸ್ ಮೇಲೆ ಹರಿಹಾಯ್ದೆ. "ನಾಚ್ಕೆ ಆಗಲ್ವೇನ್ರೀ? ಮರೆವಿನ ಮುದುಕನಿಗೆ ಇದ್ದದ್ದನ್ನೇ ಮತ್ತೆ ಮಾರ್ತೀರಲ್ಲ!"

"ಸ್ವಲ್ಪ ಮೆತ್ತಗೆ, ಅಮ್ಮಾ," ಎಂದ. "ಮಾರೋದೆಲ್ಲಿ ಬಂತು? ನನ್ನ ಹತ್ರ ಇರೋದೇ ಅದೊಂದು. ಪ್ರತಿ ಸಂತೇಲೂ ನಿಮ್ಮ ಯಜಮಾನ್ರು ಲೆಸ್ಲಿ ಸಾಹೇಬ್ರು ತಗೊಂಡು ಹೋಗ್ತಾರೆ. ಬುಧವಾರ ನಾನು ಟೀ ಕುಡಿಯೋಕೆ ಅಂತ ಹೋಗಿ ವಾಪಸ್ ತರ್ತೀನಿ. ದುಡ್ಡು ಅವರ ಕೋಟಿನ ಜೇಬಿಗೇ ಹೋಗತ್ತೆ."

"ಅವರು ಕೇಳೋದಿಲ್ವಾ?"

"ನೆನಪಿದ್ರೆ ತಾನೇ ಕೇಳೋದು? ಇಡೀ ಮೈದಾನಕ್ಕೆ ಗೊತ್ತು ಬಿಡಿ. ಬೇರೆಯವರ ಹತ್ರ ಇಂಥಾ ಪೆಟ್ಟಿಗೆ ಇದ್ರೆ, ಇವರು ದಾಟಿ ಹೋಗೋ ತನಕ ಗೋಣಿ ಮುಚ್ಚಿಡ್ತಾರೆ."

ಮತ್ತೆ ಕಾರು ಓಡಿಸಿಬಿಟ್ಟರೆ ಏನು ಗತಿ ಎಂದು ಕೇಳಿದೆ. ಅವನು ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಕಂದು ಬಣ್ಣದ ಚೂರೊಂದನ್ನು ತೆಗೆದು ತೋರಿಸಿದ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ಸುತ್ತುವ ರೋಟರ್. ಅದಿಲ್ಲದಿದ್ದರೆ ಇಂಜಿನ್ನಿಗೆ ಕಿಡಿಯೇ ಹಾರುವುದಿಲ್ಲವಂತೆ. ಕಳೆದ ಚಳಿಗಾಲದಲ್ಲಿ ನಿಮ್ಮಪ್ಪ ದಾರಿ ತಪ್ಪಿ ಈವ್‌ಶಾಮ್ ಊರಿನಾಚೆ ಯಾರದೋ ಹೊಲದ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಕೂತಿದ್ದರಂತೆ. ನೋರಿಸ್ ಅಂದೇ ಅದನ್ನು ಕಿತ್ತಿಟ್ಟುಕೊಂಡನಂತೆ.

"ಕೀಲಿ ಕಿತ್ಕೊಂಡ್ರೆ ಮನುಷ್ಯನಿಗೆ ಅವಮಾನ ಅಮ್ಮಾ. ಇದನ್ನ ಕಿತ್ರೆ ಬರೀ ರಿಪೇರಿ," ಎಂದ. ಆಮೇಲೆ ಮೀಸೆ ಒರೆಸಿಕೊಂಡು, "ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಂದು ಸಲ ನೋಡಿದ್ರೆ ಸಾಕು, ಕಳ್ಳತನ ಗೊತ್ತಾಗತ್ತೆ. ನಂಗೆ ಕಾರ್ ಬಿಚ್ಚೋದು ಕಲಿಸಿದವರೇ ಅವರು. ಆ ಮುಚ್ಚಳ ತೆಗೆದು ನೋಡ್ಬೇಕು ಅನ್ನೋದೇ ಮರ್ತಿದ್ದಾರಲ್ಲ, ಅದೇ ಸಂಕಟ," ಎಂದ.

ನನಗೆ ಅಳು ಬಂತು ಜಿಲ್. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಹೆಂಡತಿಗೂ ಮಗಳಿಗೂ ತಿಳಿಯದ್ದು ತುಕ್ಕು ಮಾರುವ ಜನಕ್ಕೆಲ್ಲ ತಿಳಿದಿತ್ತು. ಅಷ್ಟರಲ್ಲಿ ನಿಮ್ಮಪ್ಪ ಎರಡು ರೋಲ್ ಹಿಡಿದು ಬಂದರು. ನನ್ನದಕ್ಕೆ ಸಾಸಿವೆ ಸಾಸ್ ಹಾಕಿಸಿರಲಿಲ್ಲ. ನನಗೆ ಸಾಸಿವೆ ಸೇರದೆಂಬುದು ಮಾತ್ರ ಮರೆತಿಲ್ಲ.

ಈಗ ತೀರ್ಪು ಕೇಳು. ಅವರು ಒಬ್ಬರೇ ಇರಲಾರರು. ನಿನ್ನೆ ಕೆಟಲಿನ ನೀರೆಲ್ಲ ಆವಿಯಾಗಿ ತಳ ಸುಟ್ಟು ಅಡುಗೆಮನೆಯಲ್ಲಿ ಹೊಗೆ ತುಂಬಿತ್ತು. ಅವರು ಪಕ್ಕದ ಕೋಣೆಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ಆದರೆ ಆಶ್ರಮವೂ ಬೇಡ. ನೀನು ಕಳಿಸಿದ ಚಿತ್ರಗಳಲ್ಲಿ ಹೂದೋಟ ಚೆನ್ನಾಗಿದೆ, ಗ್ಯಾರೇಜ್ ಇಲ್ಲ. ಹುಡುಕಲು ಏನೂ ಇಲ್ಲದ ಜಾಗದಲ್ಲಿ ಅವರು ಒಂದು ಚಳಿಗಾಲ ಬಾಳಲಾರರು. ಸದ್ಯಕ್ಕೆ ನಾನು ಇಲ್ಲಿ ಅವರ ಜೊತೆಗೇ ಇರುತ್ತೇನೆ, ಸ್ವಲ್ಪ ದಿನ. ಮುಂದಿನದು ಮುಂದೆ.

ಇದನ್ನು ಪ್ರೀತಿ ಗೀತಿ ಎಂದುಕೊಳ್ಳಬೇಡ. ಎಂದುಕೊಂಡರೂ ನನಗೆ ಹೇಳಬೇಡ. ದಣಿದಿದ್ದೇನೆ, ಅಷ್ಟೆ. ಹಳೇ ಜಗಳ ಮುಂದುವರಿಸಲು ಇಬ್ಬರು ಬೇಕು. ಒಬ್ಬಳೇ ಎಷ್ಟು ದಿನ ಹೊತ್ತು ತಿರುಗಲಿ?

ಮಕ್ಕಳಿಗೆ ಅಜ್ಜಿಯ ಮುತ್ತುಗಳು.

ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿರುವ
ನಿನ್ನ ಅಮ್ಮ,
ಬೆರಿಲ್

ವಿ.ಸೂ.: ಉತ್ತರವನ್ನು ಅಪ್ಪನ ಮನೆಯ ವಿಳಾಸಕ್ಕೇ ಬರೆ, ನನ್ನ ಫ್ಲಾಟನ್ನು ಈ ತಿಂಗಳ ಕೊನೆಗೆ ಬಿಟ್ಟುಕೊಡುತ್ತಿದ್ದೇನೆ. ಇಲ್ಲಿಗೆ ಬಂದಾಗ ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಗಿಹಿಡಿ. ನಾವಿಬ್ಬರೂ ಬೇರೆಯಾಗಿದ್ದೇವೆ ಎಂಬುದು ಅಪ್ಪನಿಗೆ ನೆನಪಿಲ್ಲ. ಶನಿವಾರ ನಾನು ಬಾಗಿಲು ತಟ್ಟಿದಾಗ, "ಅಂಗಡಿಗೆ ಹೋದವಳು ಇಷ್ಟು ಹೊತ್ತೇನೇ?" ಎಂದು ಗದರಿದರು. ಕ್ಯೂ ಉದ್ದ ಇತ್ತು ಎಂದೆ.